ಕೀಟಲೆ ಮತ್ತು ಮೂದಲೆ

ಸ್ಕಾಟ್ಲೆಂಡಿನಲ್ಲಿ ಚಳಿಗಾಲದಲ್ಲಿ ಬೆಟ್ಟ ಹತ್ತುವವರ ನಡುವೆ ಒಂದು ನಿಯಮವಿದೆ. ಅದನ್ನು ಯಾವ ಸರ್ಕಾರವೂ ಮಾಡಿಲ್ಲ. ಮುರಿದರೆ ದಂಡವಿಲ್ಲ, ಕಾಯಲು ಕಾವಲುಗಾರನಿಲ್ಲ. ನಿಯಮ ಇಷ್ಟೇ: ಬಂಡೆ ಬೆಳ್ಳಗಿರಬೇಕು. ಹಿಮದ ಹರಳು ಮೆತ್ತಿಕೊಂಡು ಬಂಡೆಗೋಡೆ ಬಿಳಿಯಾಗಿರಬೇಕು, ಅದರ ಬಿರುಕುಗಳಲ್ಲಿ ಬೆಳೆದ ಹುಲ್ಲು ಮಣ್ಣಿನ ಹೆಂಟೆಗಳು ಹೆಪ್ಪುಗಟ್ಟಿ ಕಲ್ಲಿನಂತಾಗಿರಬೇಕು. ಆಗ ಮಾತ್ರ ಐಸ್ ಆಕ್ಸ್ ಹಿಡಿದು ಅದನ್ನು ಹತ್ತಬಹುದು. ಬಂಡೆ ಕಪ್ಪಗೆ ಒಣಗಿ ನಿಂತಿದ್ದರೆ, ಎಷ್ಟೇ ಚಳಿಯಿರಲಿ, ಎಷ್ಟೇ ದೂರದಿಂದ ಬಂದಿರಲಿ, ವಾಪಸ್ ಹೋಗಬೇಕು. ಹಾಗೆ ಹೋಗದೆ ಹತ್ತಿಬಂದು 'ಇವತ್ತು ಇಂಥ ದಾರಿ ಮುಗಿಸಿದೆವು' ಎಂದು ಹೇಳಿಕೊಂಡವರಿಗೆ ಆಗುವ ಶಿಕ್ಷೆಯೂ ಸಣ್ಣದೇ. ಸಂಜೆ ಪಬ್ಬಿನಲ್ಲಿ ಯಾರೋ ಒಬ್ಬರು ಗ್ಲಾಸಿನಿಂದ ತಲೆಯೆತ್ತದೆ ಕೇಳುತ್ತಾರೆ: "ಬೆಳ್ಳಗಿತ್ತಾ?"

ಸುತ್ತಲಿನವರು ನಗುತ್ತಾರೆ, ಅಷ್ಟೇ. ಆದರೆ ಆ ನಗು ಆ ಮನುಷ್ಯನ ಬೆನ್ನಿಗೆ ವರ್ಷಗಟ್ಟಲೆ ಅಂಟಿಕೊಂಡಿರುತ್ತದೆ.

ನಾನು ಎಡಿನ್‌ಬರೊದಲ್ಲಿ ನೀತಿಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಮೂರು ಚಳಿಗಾಲಗಳಿಂದ ಒಂದು ಕ್ಲಬ್ಬಿನವರ ಜೊತೆ ಬೆಟ್ಟಕ್ಕೆ ಹೋಗುತ್ತಿದ್ದೇನೆ. ದೊಡ್ಡ ಆರೋಹಿಯೇನೂ ಅಲ್ಲ. ಹೆಚ್ಚಾಗಿ ಹಗ್ಗದ ಎರಡನೇ ತುದಿಯಲ್ಲಿ, ಮುಂದೆ ಹೋದವರು ಹಾಕಿದ ದಾರಿಯಲ್ಲಿ ಹತ್ತುವವಳು. ನನ್ನನ್ನು ಹಿಡಿದದ್ದು ಬೆಟ್ಟದಷ್ಟೇ ಅಲ್ಲಿನ ಮಾತು. ಕಾನೂನಿಲ್ಲದ ಜಾಗದಲ್ಲಿ ತಮಾಷೆ ಕಾನೂನಿನ ಕೆಲಸ ಮಾಡಬಹುದೇ? ಮಾಡಿದರೆ, ಆ ಕಾನೂನು ಯಾರಿಗೆ ನ್ಯಾಯ ಕೊಡುತ್ತದೆ, ಯಾರ ಬಾಯಿ ಮುಚ್ಚಿಸುತ್ತದೆ? ಈ ಬರಹ ಆ ಪ್ರಶ್ನೆಯ ಬೆನ್ನುಹತ್ತಿದ್ದು.

ಮೊದಲು ಆ ಬೆಟ್ಟಗಳ ಬಗ್ಗೆ ಒಂದಿಷ್ಟು. ಅವು ಎತ್ತರದ ಬೆಟ್ಟಗಳಲ್ಲ. ಬ್ರಿಟನ್ನಿನಲ್ಲೇ ಅತಿ ಎತ್ತರದ ಬೆನ್ ನೆವಿಸ್ 1345 ಮೀಟರ್; ನಮ್ಮ ಮುಳ್ಳಯ್ಯನಗಿರಿ ಅದಕ್ಕಿಂತ ಐನೂರಕ್ಕೂ ಹೆಚ್ಚು ಮೀಟರ್ ಎತ್ತರವಿದೆ. ಫೋನಿನಲ್ಲಿ ಇದನ್ನು ಹೇಳಿದಾಗ "ಅಷ್ಟಕ್ಕೆ ಹಗ್ಗ ಯಾಕಮ್ಮ?" ಎಂದು ಅಪ್ಪ ನಕ್ಕಿದ್ದರು. ಹಗ್ಗ ಬೇಕಾಗುವುದು ಅಕ್ಷಾಂಶದಿಂದ ಮತ್ತು ಗಾಳಿಯಿಂದ. ಭೂಮಧ್ಯರೇಖೆಯಿಂದ ಸುಮಾರು 57 ಡಿಗ್ರಿ ಉತ್ತರದಲ್ಲಿ, ಅಟ್ಲಾಂಟಿಕ್ ಸಾಗರದ ಗಾಳಿ ನೇರವಾಗಿ ಬಂದು ಬಡಿಯುವ ಕಡೆ ಈ ಬೆಟ್ಟಗಳಿವೆ. ಕೇರ್ನ್ ಗಾರ್ಮ್ ಶಿಖರದಲ್ಲಿ 1986ರ ಮಾರ್ಚ್‌ನಲ್ಲಿ ಗಂಟೆಗೆ 173 ಮೈಲಿ, ಅಂದರೆ ಸುಮಾರು 278 ಕಿ.ಮೀ. ವೇಗದ ಗಾಳಿ ದಾಖಲಾಗಿತ್ತು. ಡಿಸೆಂಬರ್ ಕೊನೆಯಲ್ಲಿ ಹಗಲು ಏಳು ಗಂಟೆಯಷ್ಟೂ ಇರುವುದಿಲ್ಲ. ಬೆಳಿಗ್ಗೆ ಹಿಮ, ಮಧ್ಯಾಹ್ನ ಮಳೆ, ರಾತ್ರಿ ಮತ್ತೆ ಹೆಪ್ಪು. ಹೀಗೆ ಕರಗಿ ಕರಗಿ ಹೆಪ್ಪುಗಟ್ಟಿದಾಗಲೇ ಆಕ್ಸಿನ ಮೊನೆ ಕಚ್ಚಿ ಹಿಡಿಯುವಂಥ ಗಟ್ಟಿ ಹಿಮ ಸಿದ್ಧವಾಗುವುದು. ಹಾಗಾಗಿ ಅಲ್ಲಿ ದಾರಿ ಎಂಬುದು ಸ್ಥಳದ ಹೆಸರಷ್ಟೇ ಅಲ್ಲ, ದಿನದ ಹೆಸರೂ ಹೌದು. ನಿನ್ನೆ ಇದ್ದ ದಾರಿ ಇವತ್ತು ಇರುವುದಿಲ್ಲ. ಬಂಡೆ ಅಲ್ಲೇ ಇರುತ್ತದೆ.

ಇಂಥ ಕಡೆ 'ಬೆಳ್ಳಗಿರಬೇಕು' ಎನ್ನುವ ನಿಯಮಕ್ಕೆ ಎರಡು ಕಾರಣಗಳನ್ನು ಯಾರಾದರೂ ಒಪ್ಪುತ್ತಾರೆ. ಒಂದು, ಹೆಪ್ಪುಗಟ್ಟದ ಹುಲ್ಲಿನ ಹೆಂಟೆಗೆ ಆಕ್ಸ್ ಹೊಡೆದರೆ ಅದು ಕಿತ್ತು ಬರುತ್ತದೆ. ಬೇರೆಲ್ಲೂ ಬದುಕಲಾರದ ಚಳಿನಾಡಿನ ಅಪರೂಪದ ಗಿಡಗಳು ಕುರಿ, ಜಿಂಕೆಗಳ ಬಾಯಿಗೆ ಸಿಗದೆ ಉಳಿದಿರುವುದು ಇಂಥ ಬಂಡೆಗಳ ಅಂಚಿನಲ್ಲೇ. ಎರಡು, ಬರಿ ಬಂಡೆಯ ಮೇಲೆ ಉಕ್ಕಿನ ಮೊನೆಗಳು ಗೀರು ಬಿಡುತ್ತವೆ. ಬೇಸಿಗೆಯಲ್ಲಿ ಬರಿಗೈಯಲ್ಲಿ ಹತ್ತುವವರಿಗೆ ಅದು ಗಾಯದ ಗುರುತು. ಎರಡೂ ಸರಿಯಾದ ಕಾರಣಗಳೇ. ಆದರೆ ಹುಲ್ಲೇ ಇಲ್ಲದ, ಬೇಸಿಗೆಯಲ್ಲಿ ಯಾರೂ ಹತ್ತದ ಬಂಡೆಯ ಮೇಲೂ ಈ ನಿಯಮ ನಡೆಯುತ್ತದೆ. ಅಲ್ಲಿ ಯಾರಿಗೆ ಹಾನಿ? ಯಾರಿಗೂ ಇಲ್ಲ. ಆದರೂ ಪ್ರಶ್ನೆ ಬರುತ್ತದೆ: "ಬೆಳ್ಳಗಿತ್ತಾ?"

ಇದನ್ನು ಅರ್ಥಮಾಡಿಕೊಳ್ಳಲು ಆಟದ ತತ್ವಶಾಸ್ತ್ರ ಸಹಾಯಕ್ಕೆ ಬರುತ್ತದೆ. ಬರ್ನಾರ್ಡ್ ಸೂಟ್ಸ್ ಎಂಬ ತತ್ವಜ್ಞಾನಿ 1978ರಲ್ಲಿ ಬಂದ ತನ್ನ 'ದಿ ಗ್ರಾಸ್‌ಹಾಪರ್' ಪುಸ್ತಕದಲ್ಲಿ ಆಟವನ್ನು ವಿವರಿಸುವ ಬಗೆ ಇದು: ಇಲ್ಲದಿದ್ದರೂ ನಡೆಯುತ್ತಿದ್ದ ಅಡ್ಡಿಗಳನ್ನು ನಾವಾಗಿಯೇ ಮೈಮೇಲೆ ಎಳೆದುಕೊಂಡು, ಅವುಗಳನ್ನು ದಾಟಲು ಹೆಣಗುವುದು. ಗುರಿ ತಲುಪುವ ಸುಲಭದ ಹಾದಿ ಇದ್ದರೂ ಅದನ್ನು ಬಿಟ್ಟುಕೊಡುವುದೇ ಆಟದ ಜೀವ. ಕುಂಟೆಬಿಲ್ಲೆಯಲ್ಲಿ ಎರಡೂ ಕಾಲು ಊರಿ ಓಡಿದರೆ ಬೇಗ ಮುಗಿಯುತ್ತದೆ, ಆದರೆ ಆಗ ನೀವು ಕುಂಟೆಬಿಲ್ಲೆ ಆಡಿರುವುದಿಲ್ಲ. ಅದಕ್ಕೂ ಹಿಂದೆ, 1967ರಲ್ಲಿ, ಅಮೆರಿಕದ ಲಿಟೊ ತೆಹಾಡಾ ಫ್ಲೋರೆಸ್ ಆರೋಹಣವನ್ನು ಹಲವು ಆಟಗಳಾಗಿ ವಿಂಗಡಿಸಿ ಒಂದು ಪ್ರಸಿದ್ಧ ಲೇಖನ ಬರೆದಿದ್ದ. ಅವನು ಗುರುತಿಸಿದ ಸಂಗತಿ ಸರಳ: ಅಪಾಯ ಕಡಿಮೆಯಿದ್ದಷ್ಟೂ ನಿಯಮಗಳು ಹೆಚ್ಚು. ಆಳೆತ್ತರದ ಗುಂಡಿನ ಮೇಲೆ ಆಡುವವನಿಗೆ ಹಗ್ಗವೂ ನಿಷಿದ್ಧ. ಹಿಮಾಲಯದ ದೊಡ್ಡ ದಂಡಯಾತ್ರೆಯಲ್ಲಿ ಏಣಿಗೂ ಅಡ್ಡಿಯಿಲ್ಲ. ಬೆಟ್ಟ ತಾನೇ ಸಾಕಷ್ಟು ಕಷ್ಟ ಕೊಡದಿದ್ದಾಗ ಮನುಷ್ಯ ತನಗೆ ತಾನೇ ಕಷ್ಟ ಹೇರಿಕೊಳ್ಳುತ್ತಾನೆ.

ಹಾಗಿದ್ದರೆ 'ಬೆಳ್ಳಗಿರಬೇಕು' ಎನ್ನುವುದು ಭಾಗಶಃ ನೀತಿ, ಭಾಗಶಃ ಆಟದ ನಿಯಮ. ಆದರೆ ಕ್ರಿಕೆಟ್ಟಿಗೆ ಅಂಪೈರ್ ಇದ್ದಾನೆ. ಇಲ್ಲಿ ಯಾರೂ ಇಲ್ಲ. ಮಂಜಿನಲ್ಲಿ, ಇಬ್ಬರೇ, ಒಂದೇ ಹಗ್ಗದ ಎರಡು ತುದಿಗಳಲ್ಲಿ. ಅಂಪೈರಿನ ಜಾಗದಲ್ಲಿರುವುದು ಆಮೇಲಿನ ನಗು.

ಈ ನಗುವಿಗೆ ಒಂದು ಇತಿಹಾಸವೇ ಇದೆ. ಬೆನ್ ನೆವಿಸ್‌ನಲ್ಲಿ ಪಾಯಿಂಟ್ ಫೈವ್ ಗಲ್ಲಿ ಎಂಬ ಕಡಿದಾದ ಹಿಮದ ಕೊರಕಲಿದೆ. 1959ರ ಜನವರಿಯಲ್ಲಿ ಇಯಾನ್ ಕ್ಲೌ ಮತ್ತು ಮೂವರು ಗೆಳೆಯರು ಅದನ್ನು ಮೊದಲ ಬಾರಿ ಹತ್ತಿದರು. ಹಗ್ಗಗಳನ್ನು ಕಟ್ಟಿಬಿಟ್ಟು, ರಾತ್ರಿ ಇಳಿದು, ಬೆಳಿಗ್ಗೆ ಮತ್ತೆ ಹೋಗಿ, ಐದು ದಿನ ಮುತ್ತಿಗೆ ಹಾಕಿದಂತೆ ಹತ್ತಿದರು. ಹತ್ತಿದ್ದೇನೋ ನಿಜ, ಆದರೆ ಹಾಗೆ ಹತ್ತಬಹುದೇ ಎಂಬ ಗೊಣಗಾಟ ಮಾತ್ರ ನಿಲ್ಲಲಿಲ್ಲ. ಮರುವರ್ಷ ಫೆಬ್ರವರಿಯಲ್ಲಿ ಜಿಮ್ಮಿ ಮಾರ್ಷಲ್ ಮತ್ತು ರಾಬಿನ್ ಸ್ಮಿತ್ ಎಂಬಿಬ್ಬರು ಆ ಬೆಟ್ಟದಲ್ಲಿ ಒಂದು ವಾರ ಕಳೆದರು. ಪಾಯಿಂಟ್ ಫೈವ್ ಅನ್ನು ಒಂದೇ ದಿನದಲ್ಲಿ ಮುಗಿಸಿದರು, ಒರಾಯನ್ ಡೈರೆಕ್ಟ್ ಸೇರಿದಂತೆ ಹಲವು ಹೊಸ ದಾರಿಗಳನ್ನೂ ಹತ್ತಿದರು. ಆಗಿನ್ನೂ ಈಗಿನಂತೆ ಎರಡು ಕೈಗೆ ಎರಡು ಬಾಗಿದ ಆಕ್ಸ್‌ಗಳಿರಲಿಲ್ಲ. ಒಂದೇ ಆಕ್ಸಿನಿಂದ ಹಿಮದಲ್ಲಿ ಮೆಟ್ಟಿಲು ಕಡಿಯುತ್ತಾ ಹೋಗಬೇಕಿತ್ತು. ರಾಬಿನ್ ಸ್ಮಿತ್ ನನ್ನ ಹಾಗೆ ಎಡಿನ್‌ಬರೊದಲ್ಲಿ ತತ್ವಶಾಸ್ತ್ರದ ವಿದ್ಯಾರ್ಥಿಯಾಗಿದ್ದವನು. 1962ರಲ್ಲಿ, ಇಪ್ಪತ್ಮೂರನೇ ವಯಸ್ಸಿನಲ್ಲಿ, ಪಾಮಿರ್ ಪರ್ವತಗಳಲ್ಲಿ ಬಿದ್ದು ತೀರಿಕೊಂಡ.

ಉಪಕರಣಗಳಂತೂ ಗೇಲಿಯ ಅಕ್ಷಯಪಾತ್ರೆ. ಬಂಡೆಯ ಬಿರುಕಿಗೆ ಬಡಿದು ಕೂರಿಸುವ ಉಕ್ಕಿನ ಮೊಳೆಗೆ ಪಿಟಾನ್ ಎನ್ನುತ್ತಾರೆ. ಹೇಮಿಶ್ ಮ್ಯಾಕ್‌ಇನೆಸ್ ಎಂಬ ಆರೋಹಿ ಅದನ್ನು ಧಾರಾಳವಾಗಿ ಬಳಸುತ್ತಿದ್ದುದಕ್ಕೆ ಹಳಬರು ಅವನನ್ನು 'ಮ್ಯಾಕ್‌ಪಿಟಾನ್' ಎಂದೇ ಕರೆಯುತ್ತಿದ್ದರು. ಅದರಲ್ಲಿ ತಮಾಷೆಯೂ ಇತ್ತು, ಆಕ್ಷೇಪವೂ ಇತ್ತು. ಆತ ಅದಕ್ಕೆ ಕುಗ್ಗದೆ ತನ್ನ ಕಮ್ಮಾರಿಕೆ ಮುಂದುವರಿಸಿದ. ಮರದ ಹಿಡಿಯ ಬದಲು ಪೂರ್ತಿ ಲೋಹದ ಆಕ್ಸ್ ಮಾಡಿದ. 1970ರ ಸುಮಾರಿಗೆ ಮೊನೆ ಕೆಳಕ್ಕೆ ಬಾಗಿದ 'ಟೆರರ್‌ಡ್ಯಾಕ್ಟಿಲ್' ಮಾಡಿದ. ಮೆಟ್ಟಿಲು ಕಡಿಯುವ ಕಾಲ ಮುಗಿಯಲು ಅದೂ ಒಂದು ಕಾರಣವಾಯಿತು. ಗ್ಲೆನ್‌ಕೋದಲ್ಲಿ ರಕ್ಷಣಾ ತಂಡ ಕಟ್ಟಿದ, ಗಾಯಾಳುಗಳನ್ನು ಬೆಟ್ಟದಿಂದ ಇಳಿಸುವ ಮಡಚುವ ಸ್ಟ್ರೆಚರ್ ವಿನ್ಯಾಸ ಮಾಡಿದ. ಯಾರನ್ನು ಉಪಕರಣದ ಹುಚ್ಚಿಗಾಗಿ ಛೇಡಿಸಿದ್ದರೋ ಅವನ ಸ್ಟ್ರೆಚರಿನ ಮೇಲೆ ಮಲಗಿ ಎಷ್ಟೋ ಜನ ಜೀವಂತ ಕೆಳಗಿಳಿದರು. ಅದೇ ಕಾಲದ ಟಾಮ್ ಪೇಟಿ ಎಂಬ ಡಾಕ್ಟರ್ ತನ್ನ ಗೆಳೆಯರ ಶೋಕಿ, ಜಂಬ, ಕೀರ್ತಿಯ ಹಸಿವುಗಳನ್ನೆಲ್ಲ ಹಾಡು ಕಟ್ಟಿ ಅವರೆದುರೇ ಹಾಡುತ್ತಿದ್ದ. ಆ ಗೆಳೆಯರೂ ಜೊತೆಯಲ್ಲಿ ಕೂತು ನಗುತ್ತಿದ್ದರು.

ಇದನ್ನೆಲ್ಲ ಓದುವಾಗ ನನಗೆ ಅರಿಸ್ಟಾಟಲ್ ನೆನಪಾಗುತ್ತಾನೆ. ತನ್ನ ನೀತಿಶಾಸ್ತ್ರದ ನಾಲ್ಕನೇ ಭಾಗದ ಕೊನೆಯ ಹೊತ್ತಿಗೆ ಅವನು ತಮಾಷೆಯನ್ನೂ ಒಂದು ಸದ್ಗುಣವಾಗಿ ಚರ್ಚಿಸುತ್ತಾನೆ. ಒಂದು ಕಡೆ ಎಲ್ಲದಕ್ಕೂ ಹಲ್ಲುಕಿರಿಯುವ ವಿದೂಷಕ, ಇನ್ನೊಂದು ಕಡೆ ಯಾವುದಕ್ಕೂ ನಗದ ಮೊಂಡ. ನಡುವೆ ಹದವರಿತ ಚತುರ. ಅಲ್ಲಿ ಅವನು ತಮಾಷೆಯನ್ನು ಕಾನೂನಿನ ಪಕ್ಕದಲ್ಲೇ ಇಟ್ಟು ನೋಡುತ್ತಾನೆ. ತಮಾಷೆ ಎಂಬುದು ನಿಂದೆಯ ಜಾತಿಗೇ ಸೇರಿದ್ದು, ಶಾಸನಗಳು ಕೆಲವು ನಿಂದೆಗಳನ್ನು ತಡೆಯುವಾಗ ಕೆಲವು ತಮಾಷೆಗಳನ್ನೂ ತಡೆಯಬೇಕಿತ್ತೇನೋ ಎಂಬ ಅನುಮಾನ ಅವನದು. ಆದರೆ ಕಾನೂನು ಅಲ್ಲಿಯವರೆಗೆ ಬರುವುದಿಲ್ಲವಾದ್ದರಿಂದ, ಸಂಸ್ಕಾರವಂತ ತನಗೆ ತಾನೇ ಕಾನೂನಾಗಬೇಕು ಎಂಬಲ್ಲಿಗೆ ಅವನ ಮಾತು ಬಂದು ನಿಲ್ಲುತ್ತದೆ.

ಆರೋಹಿಗಳ ಮಾತು ನಿಂತಿರುವುದು ಈ ಗಡಿಯಲ್ಲೇ. ಅದರ ಒಳ್ಳೆಯ ಮುಖವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಚಳಿಗಾಲದಲ್ಲಿ ಹತ್ತುವುದೆಂದರೆ ಅರ್ಧಕ್ಕರ್ಧ ನಿಂತು ಕಾಯುವುದು. ಮೇಲಿನವರು ಹತ್ತುತ್ತಿರುವಾಗ ಕೆಳಗೆ ಒಂದು ಅಂಚಿನಲ್ಲಿ ನಿಂತು ಹಗ್ಗ ಬಿಡುತ್ತಾ, ಅವರು ಬಿದ್ದರೆ ತಡೆಯಲು ಸಿದ್ಧವಾಗಿರಬೇಕು. ಇದಕ್ಕೆ ಬಿಲೇ ಎನ್ನುತ್ತಾರೆ. ಒಂದು ಗಂಟೆ ಹಾಗೆ ನಿಂತರೆ ಬೆರಳು ಮರಗಟ್ಟುತ್ತವೆ. ಮತ್ತೆ ಹತ್ತಲು ಶುರುಮಾಡಿದಾಗ ರಕ್ತ ಬೆರಳಿಗೆ ವಾಪಸ್ ಹರಿಯುವ ನೋವಿದೆಯಲ್ಲ, ಅದಕ್ಕೆ ಗಟ್ಟಿಗರ ಕಣ್ಣಲ್ಲೂ ನೀರು ಬರುತ್ತದೆ. ಆಗ ಮೇಲಿನಿಂದ "ಅಳೋದಾದ್ರೆ ಬೇಗ ಅತ್ತು ಮುಗಿಸು, ಹಗ್ಗ ಒದ್ದೆಯಾಗ್ತಿದೆ" ಎಂಬ ಕೂಗು ಬಂದರೆ ನೋವಿನ ನಡುವೆಯೂ ನಗು ಉಕ್ಕುತ್ತದೆ. ಆ ಮಾತಿನ ಅರ್ಥ ಇಷ್ಟೇ: ನನಗೂ ಹೀಗೇ ಆಗಿತ್ತು, ಇದು ಕಳೆಯುತ್ತದೆ.

ಉಪಕರಣದ ತಪಾಸಣೆಯೂ ತಮಾಷೆಯಲ್ಲೇ ನಡೆಯುತ್ತದೆ. ಬೂಟಿನ ಕೆಳಗೆ ಕಟ್ಟುವ ಮುಳ್ಳಿನ ಚೌಕಟ್ಟಿಗೆ ಕ್ರಾಂಪಾನ್ ಎನ್ನುತ್ತಾರೆ. ಸಾಮಾನ್ಯವಾಗಿ ಹನ್ನೆರಡು ಮೊನೆಗಳು, ಅದರಲ್ಲಿ ಎರಡು ಮುಂದಕ್ಕೆ ಚಾಚಿರುತ್ತವೆ. ಅದರ ಪಟ್ಟಿ ಸಡಿಲವಿದ್ದರೆ ನೂರು ಮೀಟರ್ ಮೇಲೆ ಅದು ಕಳಚಿ ಬೀಳಬಹುದು. ಸೊಂಟದ ಹಾರ್ನೆಸ್ಸಿಗೆ ಹಗ್ಗ ಕಟ್ಟಿದ ಗಂಟು ಅರ್ಧಕ್ಕೇ ನಿಂತಿದ್ದರೆ ಪ್ರಾಣವೇ ಹೋಗಬಹುದು. ಇಪ್ಪತ್ತು ವರ್ಷ ಹತ್ತಿದವರಿಗೆ "ನಿಮ್ಮ ಗಂಟು ತೋರಿಸಿ" ಎನ್ನಲು ಹೊಸಬರಿಗೆ ಮುಜುಗರ. ಅದಕ್ಕೇ ಕ್ಲಬ್ಬಿನಲ್ಲಿ ಒಂದು ರೂಢಿಯಿದೆ: ಹೊರಡುವ ಮೊದಲು ಪ್ರತಿಯೊಬ್ಬರೂ ಇನ್ನೊಬ್ಬರ ಗಂಟನ್ನು ಎಳೆದು ನೋಡಿ, "ಇದನ್ನೇನು ನಿಮ್ಮಜ್ಜಿ ಕಟ್ಟಿದ್ದಾ?" ಎಂದು ಕೇಳುತ್ತಾರೆ. ಗಂಟು ಸರಿಯಿದ್ದರೂ ಕೇಳುತ್ತಾರೆ. ಹಿರಿಯರನ್ನೂ ಕೇಳುತ್ತಾರೆ. ತಮಾಷೆಯ ನೆಪದಲ್ಲಿ ಕೈ ಗಂಟನ್ನು ಮುಟ್ಟಿರುತ್ತದೆ, ಕಣ್ಣು ನೋಡಿರುತ್ತದೆ. ಸಂಶಯಪಡುವ ಹಕ್ಕು ಎಲ್ಲರಿಗೂ ಸಿಕ್ಕಿರುತ್ತದೆ, ಯಾರ ಮಾನವೂ ಹೋಗಿರುವುದಿಲ್ಲ.

ಇದಕ್ಕೆ ಕನ್ನಡದಲ್ಲಿ ಕೀಟಲೆ ಎನ್ನಬಹುದು. ನಮ್ಮ ಭಾಷೆ ಈ ವಿಷಯದಲ್ಲಿ ಶ್ರೀಮಂತ: ಕೀಟಲೆ, ಛೇಡಿಕೆ, ಗೇಲಿ, ಲೇವಡಿ, ಕುಹಕ, ಹಂಗಿಸುವುದು. ಇವುಗಳ ಜೊತೆಗೆ ಇನ್ನೊಂದು ಹಳೆಯ ಪದವಿದೆ, ಮೂದಲೆ. ಹಳಗನ್ನಡ ಕಾವ್ಯಗಳ ಯುದ್ಧವರ್ಣನೆ ಓದಿದವರಿಗೆ ಇದು ಗೊತ್ತು. ಆಯುಧಕ್ಕಿಂತ ಮೊದಲು ಬರುವ ಆಯುಧ ಅದು.

ರನ್ನನ ಗದಾಯುದ್ಧದ ಕಥೆ ನೆನಪಿಸಿಕೊಳ್ಳಿ. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದು ಬರೀ ಹೇಡಿತನದಿಂದಲ್ಲ. ಆ ಒಂದು ದಿನ ಕಳೆದರೆ ತನ್ನವರು ಬಂದು ಸೇರುತ್ತಾರೆ ಎಂಬ ಲೆಕ್ಕವಿತ್ತು, ಭೀಷ್ಮರ ಸಲಹೆಯೂ ಇತ್ತು. ಹಿಂದೆ ಸರಿಯುವುದು ಅಲ್ಲಿ ವಿವೇಕವಾಗಿತ್ತು. ಭೀಮ ನೀರಿಗಿಳಿದು ಅವನನ್ನು ಎಳೆದು ತರಲಿಲ್ಲ. ದಡದಲ್ಲಿ ನಿಂತು ಮೂದಲಿಸಿದ, ಅಷ್ಟೇ. ವಿವೇಕವನ್ನು ಹೇಡಿತನ ಎಂದು ಕರೆದ. ದುರ್ಯೋಧನ ತಾನಾಗಿಯೇ ಎದ್ದು ಹೊರಗೆ ಬಂದ. ಮೂದಲೆಯ ಕೆಲಸವೇ ಅದು: ಎದುರಿನವರಿಗೆ ಇರುವ ಹಿಂದಿರುಗುವ ದಾರಿಯನ್ನು ಮಾತಿನಿಂದ ಮುಚ್ಚಿಬಿಡುವುದು. ಭೀಮನಿಗೆ ಅದೇ ಬೇಕಿತ್ತು, ಅವನು ಶತ್ರು. ಗೆಳೆಯರು ಅದನ್ನೇ ಮಾಡಿದಾಗ ಏನೆನ್ನಬೇಕು?

ಫೆಬ್ರವರಿಯ ಒಂದು ಶನಿವಾರ ನಾವು ಆರು ಜನ ಕೇರ್ನ್‌ಗಾರ್ಮ್‌ನ ಉತ್ತರದ ಕೋರಿಗಳಲ್ಲಿ ಒಂದಕ್ಕೆ ಹೊರಟಿದ್ದೆವು. ಗೇಲಿಕ್ ಭಾಷೆಯಲ್ಲಿ ಕೋರಿ ಎಂದರೆ ಕೊಪ್ಪರಿಗೆ. ಮೂರು ಕಡೆ ಬಂಡೆಗೋಡೆ, ಒಂದು ಕಡೆ ತೆರೆದ ಬಟ್ಟಲಿನಂಥ ಕಣಿವೆ. ಚಳಿಗಾಲದಲ್ಲಿ ಸ್ಕಾಟ್ಲೆಂಡಿನ ಆರು ಬೆಟ್ಟಪ್ರದೇಶಗಳಿಗೆ ಹಿಮಕುಸಿತದ ಮುನ್ಸೂಚನೆ ಪ್ರಕಟವಾಗುತ್ತದೆ. ಐದು ಹಂತಗಳ ಅಳತೆಯಲ್ಲಿ ಅಂದು ನಾವು ಹೋಗಬೇಕಿದ್ದ ಇಳಿಜಾರಿಗೆ ಮೂರನೆಯದು, 'ಗಣನೀಯ', ಇತ್ತು. ಹಿಂದಿನ ಎರಡು ದಿನದ ಗಾಳಿ ಹಿಮವನ್ನು ಹೊತ್ತು ತಂದು ಬಂಡೆಯ ಬುಡದ ಇಳಿಜಾರಿನಲ್ಲಿ ಪೇರಿಸಿತ್ತು. ಇಂಥ ಹಿಮ ಹಲಗೆಯಂತೆ ಕೂತಿರುತ್ತದೆ. ಕೆಳಗಿನ ಪದರಕ್ಕೆ ಸರಿಯಾಗಿ ಅಂಟದಿದ್ದರೆ ಒಬ್ಬರ ಭಾರಕ್ಕೆ ಇಡೀ ಹಲಗೆ ಜಾರಬಹುದು. ಕಾಲಿಟ್ಟಲ್ಲೆಲ್ಲ ಹೆಜ್ಜೆಯಿಂದ ಬಿರುಕು ಹರಿಯುತ್ತಿತ್ತು. ನಾನು ಮೇಲೆ ಬರುವುದಿಲ್ಲ ಎಂದೆ.

ಕ್ಲಬ್ಬಿನ ಹಿರಿಯನೊಬ್ಬ ನಕ್ಕು, "ಇಂಡಿಯಾದಿಂದ ಇಷ್ಟು ದೂರ ಬಂದಿದ್ದು ಸ್ಯಾಂಡ್‌ವಿಚ್ ತಿನ್ನೋಕಾ?" ಎಂದ. ಎಲ್ಲರೂ ನಕ್ಕರು. "ಹಿಮಾಲಯದ ಊರಿನವಳು ಇಷ್ಟಕ್ಕೆ ಹೆದರೋದಾ?" ಎಂದು ಇನ್ನೊಂದು ಸೇರಿಸಿದ. ನನ್ನೂರು ಹಾಸನ. ಅಲ್ಲಿಂದ ಹಿಮಾಲಯಕ್ಕೆ ರೈಲಿನಲ್ಲಿ ಎರಡು ದಿನಕ್ಕೂ ಹೆಚ್ಚು ಬೇಕು. ಅದನ್ನು ಇಂಗ್ಲಿಷಿನಲ್ಲಿ ಚುರುಕಾಗಿ, ನಗು ಬರುವಂತೆ ತಿರುಗಿಸಿ ಹೇಳುವಷ್ಟರಲ್ಲಿ ಮಾತಿನ ಹೊತ್ತು ಕಳೆದಿತ್ತು. ಪರಭಾಷೆಯಲ್ಲಿ ಪ್ರಬಂಧ ಬರೆಯಬಹುದು, ಸೆಮಿನಾರ್ ಕೊಡಬಹುದು; ಕೀಟಲೆಗೆ ಕೀಟಲೆ ಹಿಂದಿರುಗಿಸುವುದು ಕಟ್ಟಕಡೆಗೆ ಬರುವ ವಿದ್ಯೆ. ಆಗ ಗುಂಪಿನಲ್ಲಿದ್ದ ಐವತ್ತು ದಾಟಿದ ಹೆಂಗಸೊಬ್ಬರು ಬೆನ್ನಿನ ಚೀಲ ಕೆಳಗಿಟ್ಟು, "ಸ್ಯಾಂಡ್‌ವಿಚ್ ಅಂದ ತಕ್ಷಣ ನನಗೂ ಹಸಿವಾಯ್ತು. ಬಾ, ಇಳಿಯೋಣ" ಎಂದರು. ನಾವಿಬ್ಬರೂ ಇಳಿದೆವು. ಉಳಿದ ನಾಲ್ವರು ಮೇಲೆ ಹೋದರು.

ಅವರಿಗೇನೂ ಆಗಲಿಲ್ಲ. ಸಂಜೆ ಕೆಂಪು ಮುಖಗಳೊಂದಿಗೆ ಬಂದರು, ಫೋಟೋ ತೋರಿಸಿದರು. ಬಂಡೆ ಬೆಳ್ಳಗಿತ್ತು. ಅಂದು ರಾತ್ರಿಯಿಡೀ ಸ್ಯಾಂಡ್‌ವಿಚ್ ಮಾತು ನಡೆಯಿತು.

ಇಲ್ಲಿ ಕಷ್ಟದ ಪ್ರಶ್ನೆಯೊಂದು ಎದುರಾಗುತ್ತದೆ. ಅವರು ಸುರಕ್ಷಿತವಾಗಿ ಬಂದರು, ಹಾಗಾದರೆ ಅವರ ನಿರ್ಧಾರ ಸರಿಯಿತ್ತೇ? ನನ್ನದು ತಪ್ಪಿತ್ತೇ? ಹಿಮ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಅಪಾಯದ ಇಳಿಜಾರಿನಲ್ಲಿ ಹೆಚ್ಚಿನ ಸಲ ಏನೂ ಆಗುವುದಿಲ್ಲ. ತಪ್ಪು ಉತ್ತರಕ್ಕೂ ಪಾಸ್ ಮಾರ್ಕ್ಸ್ ಕೊಡುತ್ತಾ ಹೋಗಿ, ಒಂದು ದಿನ ಒಮ್ಮೆಲೇ ಫೇಲ್ ಮಾಡುವ ಮೇಷ್ಟ್ರು ಅದು. ಹಾಗಾಗಿ ನಿರ್ಧಾರವನ್ನು ಫಲಿತಾಂಶದಿಂದ ಅಳೆಯಲಾಗದು. ಅದನ್ನು ತೆಗೆದುಕೊಂಡ ರೀತಿಯಿಂದ ಅಳೆಯಬೇಕು. ಆ ಹೊತ್ತಿಗೆ ಕಣ್ಣೆದುರು ಇದ್ದ ಗುರುತುಗಳನ್ನು ನೋಡಿದರೇ? ಭಿನ್ನವಾಗಿ ಕಂಡವರ ಮಾತು ಕೇಳಿದರೇ? ನನ್ನ ತಕರಾರು ಇರುವುದು ಅವರು ಹೋದದ್ದಕ್ಕಲ್ಲ. ಬಿರುಕಿನ ಬಗ್ಗೆ ಆಡಿದ ಮಾತಿಗೆ ಸ್ಯಾಂಡ್‌ವಿಚ್ಚಿನ ಉತ್ತರ ಬಂದದ್ದಕ್ಕೆ.

ಅಮೆರಿಕದ ಇಯಾನ್ ಮೆಕ್ಯಾಮನ್ ಎಂಬ ಸಂಶೋಧಕ 1972ರಿಂದ 2003ರವರೆಗಿನ ಏಳುನೂರಕ್ಕೂ ಹೆಚ್ಚು ಹಿಮಕುಸಿತ ಅಪಘಾತಗಳ ದಾಖಲೆಗಳನ್ನು ಪರಿಶೀಲಿಸಿದ. ಹಿಮಕುಸಿತದ ತರಬೇತಿ ಪಡೆದವರೂ, ಅಪಾಯದ ಗುರುತುಗಳು ಕಣ್ಣಿಗೆ ಕಾಣುತ್ತಿದ್ದಾಗಲೂ, ಮುಂದೆ ಹೋಗಿದ್ದರು. ಅದಕ್ಕೆ ಆತ ಗುರುತಿಸಿದ ಬಲೆಗಳಲ್ಲಿ ಕೆಲವು ಇವು: ಗುಂಪಿನ ಒಪ್ಪಿಗೆಯ ಆಸೆ, 'ಹಿರಿಯನಿಗೆ ಗೊತ್ತಿರುತ್ತದೆ' ಎಂಬ ನಂಬಿಕೆ, 'ಹೊರಟಾಗಿದೆ, ಇನ್ನು ಹಿಂದಿರುಗುವುದೆಂತು' ಎಂಬ ಹಟ, 'ಇಂಥ ದಿನ ಮತ್ತೆ ಸಿಗದು' ಎಂಬ ಆತುರ. ಇವೆಲ್ಲ ಹಿಮದ ಗುಣಗಳಲ್ಲ, ಮನುಷ್ಯರ ಗುಣಗಳು. ಈ ನಾಲ್ಕು ಬಲೆಗಳನ್ನೂ ಒಂದೇ ಏಟಿಗೆ ಬಿಗಿಯಬಲ್ಲದ್ದು ಒಂದು ಒಳ್ಳೆಯ ಮೂದಲೆ.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು. ಭಯ ಯಾವಾಗಲೂ ನಿಜ ಹೇಳುವುದಿಲ್ಲ. ಗೆಳೆಯರ ಒಂದು ಚುಚ್ಚುಮಾತು ಇಲ್ಲದಿದ್ದರೆ ನಾವು ಎಷ್ಟೋ ಒಳ್ಳೆಯ ಕೆಲಸಗಳನ್ನು ಶುರುವೇ ಮಾಡುತ್ತಿರಲಿಲ್ಲ. ಇದು ಸರಿ. ಹೋದ ವರ್ಷ ಒಂದು ಕೊರಕಲಿನಲ್ಲಿ ನಾನು ಒಂದೇ ಜಾಗದಲ್ಲಿ ಇಪ್ಪತ್ತು ನಿಮಿಷ ನಿಂತಿದ್ದೆ. ಹಗ್ಗ ಮೇಲಿನಿಂದ ಬಿಗಿಯಾಗಿತ್ತು, ಬಿದ್ದರೂ ಒಂದಡಿ ಜಾರುತ್ತಿದ್ದೆ ಅಷ್ಟೇ. ಮೇಲಿನಿಂದ ಗೆಳತಿ "ಅಲ್ಲೇ ಅಡ್ರೆಸ್ ಬದಲಾಯಿಸ್ಕೊಂಡ್ಯಾ? ಕಾಗದ ಅಲ್ಲಿಗೇ ಹಾಕ್ಲಾ?" ಎಂದಳು. ನಕ್ಕೆ, ಆಕ್ಸ್ ಎತ್ತಿ ಹೊಡೆದೆ, ಹತ್ತಿದೆ. ಆ ಮಾತಿಗೆ ನಾನು ಋಣಿ. ಹಾಗಾದರೆ ಈ ಮಾತಿಗೂ ಆ ಸ್ಯಾಂಡ್‌ವಿಚ್ಚಿಗೂ ಏನು ವ್ಯತ್ಯಾಸ?

ನನಗೆ ತೋಚಿದ್ದು ಮೂರು. ಒಂದು, ಗೆಳತಿಯ ಮಾತು ನಾನು ಮಾಡುತ್ತಿದ್ದ ಕೆಲಸದ ಮೇಲಿತ್ತು. ಸ್ಯಾಂಡ್‌ವಿಚ್ ಮತ್ತು ಹಿಮಾಲಯದ ಮಾತು ನಾನು ಎಂಥವಳು, ಎಲ್ಲಿಯವಳು ಎಂಬುದರ ಮೇಲಿತ್ತು. ಎರಡು, ಗೆಳತಿಗೆ ನಾನು ತಿರುಗಿ ಏನು ಬೇಕಾದರೂ ಅನ್ನಬಹುದಿತ್ತು. ತಿರುಗಿ ಅನ್ನಲಾಗದವರ ಮೇಲೆ ಮಾಡಿದ ತಮಾಷೆ ತಮಾಷೆಯಲ್ಲ, ಅದು ಅಧಿಕಾರ. ಈ ಸಮಾನತೆ ಎಲ್ಲರಿಗೂ ಒಂದೇ ಹೊತ್ತಿಗೆ ಸಿಕ್ಕಿದ್ದಲ್ಲ. 1889ರಲ್ಲಿ ಶುರುವಾದ ಸ್ಕಾಟಿಷ್ ಮೌಂಟನಿಯರಿಂಗ್ ಕ್ಲಬ್ಬಿನಲ್ಲಿ ಹೆಂಗಸರಿಗೆ ದಶಕಗಳ ಕಾಲ ಸದಸ್ಯತ್ವವಿರಲಿಲ್ಲ. ಅವರು 1908ರಲ್ಲಿ ತಮ್ಮದೇ ಲೇಡೀಸ್ ಸ್ಕಾಟಿಷ್ ಕ್ಲೈಂಬಿಂಗ್ ಕ್ಲಬ್ ಕಟ್ಟಿಕೊಂಡರು. ಮೂರು, ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು: ಆ ಮಾತಾದ ಮೇಲೂ ಹಿಂದಿರುಗುವ ಬಾಗಿಲು ತೆರೆದಿತ್ತೇ? "ಆಗಲ್ಲ, ಇಳಿಸು" ಎಂದಿದ್ದರೆ ಗೆಳತಿ ಇಳಿಸುತ್ತಿದ್ದಳು, ಅದರ ಬಗ್ಗೆಯೂ ಒಂದು ಜೋಕ್ ಮಾಡಿ. ಕೀಟಲೆ ಬಾಗಿಲನ್ನು ತೆರೆದಿಟ್ಟೇ ನಗಿಸುತ್ತದೆ. ಮೂದಲೆ ನಗುತ್ತಲೇ ಬಾಗಿಲು ಹಾಕುತ್ತದೆ. ನಮ್ಮ ಹಾಸ್ಟೆಲ್ಲುಗಳಲ್ಲಿ ರ‍್ಯಾಗಿಂಗ್ ಮಾಡುತ್ತಿದ್ದವರೂ ಅದನ್ನು ತಮಾಷೆ ಎಂದೇ ಕರೆಯುತ್ತಿದ್ದರು. ಓದುವ ಹಲವರಿಗೆ ಆ ಬಾಗಿಲಿನ ಸದ್ದು ನೆನಪಿರಬಹುದು.

ಈಗ ಮೊದಲಿನ ನಿಯಮಕ್ಕೆ ಬರುತ್ತೇನೆ. 'ಬೆಳ್ಳಗಿಲ್ಲದಿದ್ದರೆ ಹತ್ತಬಾರದು' ಎಂಬುದನ್ನು ನಾನು ಮೊದಮೊದಲು ಒಂದು ಶೋಕಿ ಎಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಮೂರು ಗಂಟೆ ಕಾರಿನಲ್ಲಿ ಹೋಗಿ, ಎರಡು ಗಂಟೆ ಭಾರ ಹೊತ್ತು ನಡೆದು ಬಂಡೆಯ ಬುಡ ತಲುಪಿದಾಗ ಅದು ಕಪ್ಪಗಿದ್ದರೆ, ಹತ್ತಲು ಶಕ್ತಿ, ಸಾಮಾನು, ಸಮಯ ಎಲ್ಲವೂ ಇದ್ದು, ನೋಡುವವರು ಯಾರೂ ಇಲ್ಲದಿದ್ದರೂ, 'ಇವತ್ತಲ್ಲ' ಎಂದು ಹಿಂದಿರುಗಬೇಕು. ಇದು ಬೇಡ ಎನ್ನುವುದರ ಅಭ್ಯಾಸ. ಆಗುತ್ತದೆ ಎಂಬ ಒಂದೇ ಕಾರಣಕ್ಕೆ ಮಾಡಬಾರದು ಎಂಬುದನ್ನು ಮೈಗೆ ಕಲಿಸುವ ಪಾಠ. ನೀತಿಯ ಪುಸ್ತಕಗಳಲ್ಲಿ ನಾವು ಪುಟಗಟ್ಟಲೆ ಚರ್ಚಿಸುವ ಸಂಯಮವನ್ನು ಈ ಜನ ಚಳಿಯಲ್ಲಿ ನಿಂತು ರೂಢಿ ಮಾಡಿಕೊಳ್ಳುತ್ತಾರೆ.

ಹಾಗಿದ್ದ ಮೇಲೆ, ಕಪ್ಪು ಬಂಡೆಗೆ ಬೆನ್ನು ತಿರುಗಿಸಿ ಬಂದವರನ್ನು ಗೌರವಿಸುವ ಈ ಸಮಾಜ, ಬಿರುಕು ಬಿಟ್ಟ ಇಳಿಜಾರಿಗೆ ಬೆನ್ನು ತಿರುಗಿಸಿ ಬಂದವರನ್ನು ಮೂದಲಿಸುವುದು ತನ್ನದೇ ನಿಯಮಕ್ಕೆ ದ್ರೋಹ ಬಗೆದಂತೆ. ಎರಡೂ ಕಡೆ ನಡೆದಿರುವುದು ಒಂದೇ ಕೆಲಸ: ಇದ್ದ ಸ್ಥಿತಿಯನ್ನು ಇದ್ದ ಹಾಗೆ ನೋಡಿ, ಆಸೆಯನ್ನು ಬದಿಗಿಟ್ಟು, ಹಿಂದಿರುಗುವುದು. ಮೊದಲನೆಯದು ಆಟದ ಮರ್ಯಾದೆಗಾಗಿ, ಎರಡನೆಯದು ಪ್ರಾಣಕ್ಕಾಗಿ. ಮರ್ಯಾದೆಗಾಗಿ ಹಿಂದಿರುಗುವುದು ದೊಡ್ಡತನವಾದರೆ, ಪ್ರಾಣಕ್ಕಾಗಿ ಹಿಂದಿರುಗುವುದು ಸಣ್ಣತನ ಹೇಗಾದೀತು?

ಮುಂದಿನ ದಿನಗಳಲ್ಲಿ ಈ ಪ್ರಶ್ನೆ ಇನ್ನೂ ಬಿಗಿಯಾಗಲಿದೆ. ಬ್ರೇರಿಯಾಕ್ ಎಂಬ ಬೆಟ್ಟದ ಮಡಿಲಲ್ಲಿ 'ಸ್ಫಿಂಕ್ಸ್' ಎಂದು ಕರೆಯುವ ಒಂದು ಹಿಮದ ತುಣುಕಿದೆ. ಬೇಸಿಗೆಯಲ್ಲೂ ಉಳಿಯುತ್ತಿದ್ದ ಅದು ಇಪ್ಪತ್ತನೇ ಶತಮಾನದಲ್ಲಿ ಪೂರ್ತಿ ಕರಗಿದ್ದು 1933, 1959 ಮತ್ತು 1996ರಲ್ಲಿ ಮಾತ್ರ. ಈ ಶತಮಾನದಲ್ಲಿ 2003, 2006, 2017, 2018, 2021ರಲ್ಲಿ ಕರಗಿತು, ಆಮೇಲೂ ಕರಗಿದೆ. ಬಂಡೆ ಬೆಳ್ಳಗಾಗುವ ದಿನಗಳು ಕಡಿಮೆಯಾದಷ್ಟೂ 'ಇಂಥ ದಿನ ಮತ್ತೆ ಸಿಗದು' ಎಂಬ ಆತುರ ಹೆಚ್ಚುತ್ತದೆ. ಬೆಳ್ಳಗಿದ್ದ ಒಂದೇ ಶನಿವಾರದಂದು, ಐದು ಜನ ಹುಮ್ಮಸ್ಸಿನಲ್ಲಿರುವಾಗ, ಆರನೆಯವರು ಬಾಯಿ ತೆರೆದು 'ನನಗೆ ಇದು ಸರಿ ಕಾಣುತ್ತಿಲ್ಲ' ಎನ್ನಲು ಬೇಕಾದ ಧೈರ್ಯವೂ ಹೆಚ್ಚುತ್ತದೆ. ಆ ಧೈರ್ಯದ ಬೆಲೆಯನ್ನು ಇಳಿಸುವುದು ಅಥವಾ ಏರಿಸುವುದು ಉಳಿದ ಐವರ ಮಾತಿನ ಕೈಯಲ್ಲಿದೆ.

ನಗೆಯನ್ನು ಬೆಟ್ಟದಿಂದ ಗಡಿಪಾರು ಮಾಡಬೇಕೆಂದು ನಾನು ಹೇಳುವುದಿಲ್ಲ. ನಗೆಯಿಲ್ಲದ ಬಿಲೇ ಎಷ್ಟು ಚಳಿಯೆಂದು ನನಗೆ ಗೊತ್ತು. ಕಾನೂನಿಲ್ಲದ ಆ ಎತ್ತರದಲ್ಲಿ ಅದೊಂದೇ ಕಾನೂನು, ಹಾಗಾಗಿ ಅದಕ್ಕೆ ಕಾನೂನಿಗಿರಬೇಕಾದ ಹೊಣೆಯೂ ಇರಬೇಕು ಎಂಬುದಷ್ಟೇ ನನ್ನ ವಾದ. ಹತ್ತಿಬಂದವರನ್ನು "ಬೆಳ್ಳಗಿತ್ತಾ?" ಎಂದು ಕೇಳುವ ಹಕ್ಕು ನಮಗಿದೆ. ಹತ್ತದೆ ಬಂದವರನ್ನು ಕೇಳಬೇಕಾದದ್ದೂ ಒಂದಿದೆ: "ಏನು ಕಂಡಿರಿ?" ಅದನ್ನು ನಗುತ್ತಲೇ ಕೇಳಬಹುದು. ಉತ್ತರವನ್ನು ಮಾತ್ರ ಪೂರ್ತಿ ಕೇಳಿಸಿಕೊಳ್ಳಬೇಕು.